ಇಲಿ ಮನೆಯ ಕೂಲಿ

ಇಲಿಗಳಿಗೆ ಭಾನುವಾರ ಗೊತ್ತಿಲ್ಲ. ಅವು ಎಲ್ಲ ದಿನವೂ ತಿನ್ನುತ್ತವೆ, ಎಲ್ಲ ದಿನವೂ ಉಚ್ಚೆ ಹೊಯ್ಯುತ್ತವೆ, ಮನಸ್ಸು ಬಂದಾಗ ಮರಿ ಹಾಕುತ್ತವೆ. ಹಾಗಾಗಿ ನನಗೂ ಭಾನುವಾರ ಇರಲಿಲ್ಲ.

ನಾನು ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಮುರಿದ ಮೂಳೆ ಹೇಗೆ ಕೂಡಿಕೊಳ್ಳುತ್ತದೆ ಎನ್ನುವುದು ನನ್ನ ವಿಷಯ. ಕೇಳಿದವರಿಗೆ ಹಾಗೆ ಹೇಳುತ್ತಿದ್ದೆ. ದಿನವಿಡೀ ಮಾಡುತ್ತಿದ್ದದ್ದು ಮಾತ್ರ ಇಲಿಗಳ ಚಾಕರಿ.

ಸೇರಿದ ಹೊಸದರಲ್ಲಿ ನಮ್ಮ ಗೈಡ್ ಎಲ್ಲರನ್ನೂ ಕೂರಿಸಿಕೊಂಡು ಕೆಲಸ ಹಂಚಿದರು. ನಾವು ಚಷ್ಮಾ ಎಂದು ಕರೆಯುತ್ತಿದ್ದ ಹುಡುಗನಿಗೆ ಪದವಿ ತರಗತಿಗಳ ಪ್ರಾಕ್ಟಿಕಲ್ ಮಾಡಿಸುವ ಕೆಲಸ ಸಿಕ್ಕಿತು. ಅದಕ್ಕೆ ತಿಂಗಳಾ ತಿಂಗಳಾ ಸಂಬಳ. ಇನ್ನೊಬ್ಬಳಿಗೆ ಮೈಕ್ರೋಸ್ಕೋಪ್ ಕೋಣೆ. ಅದಕ್ಕೂ ಸಂಬಳ. ನನಗೆ ಇಲಿ ಮನೆ.

"ನನಗೆ ಎಷ್ಟು ಸರ್?" ಎಂದೆ.

"ಇದು ಕೆಲಸ ಅಲ್ಲಮ್ಮ, ತರಬೇತಿ," ಎಂದರು ಗೈಡ್. ಆಮೇಲೆ ಮೆತ್ತಗೆ ನಕ್ಕರು. "ನಿಮ್ಮನೇಲಿ ಇಂಥದ್ದೆಲ್ಲ ಅಭ್ಯಾಸ ಇರುತ್ತಲ್ಲ. ಇವರಿಗೆಲ್ಲ ವಾಸನೆ ತಡಿಯಕ್ಕಾಗಲ್ಲ."

ನಮ್ಮವ್ವ ಬಸ್ ನಿಲ್ದಾಣದ ಶೌಚಾಲಯ ತೊಳೆಯುತ್ತಾಳೆ. ಸಂದರ್ಶನದಲ್ಲಿ ಕೇಳಿದ್ದರು, ನಾನು ಹೇಳಿದ್ದೆ. ಮುಚ್ಚಿಡುವಂಥದ್ದು ಏನಿತ್ತು? ಅವರು ಅದನ್ನು ಭದ್ರವಾಗಿ ನೆನಪಿಟ್ಟುಕೊಂಡಿದ್ದರು. ನನ್ನ ಅಂಕಗಳನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ಕೇಳುತ್ತಿದ್ದರು.

ಇಲಿ ಮನೆ ಇದ್ದದ್ದು ಕಟ್ಟಡದ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಕಪಾಟಿನ ತುಂಬ ಪ್ಲಾಸ್ಟಿಕ್ ಪೆಟ್ಟಿಗೆ. ಪೆಟ್ಟಿಗೆಗೆ ತಂತಿಯ ಮುಚ್ಚಳ, ಒಳಗೆ ಮರದ ಹೊಟ್ಟು, ಹೊಟ್ಟಿನಲ್ಲಿ ಬಿಳಿ ಇಲಿ. ನನ್ನವು ಕೆಲವು, ಮಿಕ್ಕವೆಲ್ಲ ಬೇರೆಯವರ ಪ್ರಯೋಗದ್ದು. ಬಾಗಿಲು ತೆಗೆದರೆ ಉಚ್ಚೆಯ ಘಾಟು ಮೊದಲು ಕಣ್ಣಿಗೆ ಹೊಡೆಯುತ್ತದೆ, ಆಮೇಲೆ ಮೂಗಿಗೆ. ಇಲಿಯನ್ನು ಬಾಲದ ಬುಡದಲ್ಲಿ ಹಿಡಿದು ಬೇರೆ ಪೆಟ್ಟಿಗೆಗೆ ಬಿಡಬೇಕು. ಒದ್ದೆ ಹೊಟ್ಟನ್ನು ಕೆರೆದು ಚೀಲಕ್ಕೆ ತುಂಬಬೇಕು. ಪೆಟ್ಟಿಗೆಯನ್ನು ಬಿಸಿ ನೀರಿನಲ್ಲಿ ಉಜ್ಜಬೇಕು, ಒಣಗಿಸಬೇಕು, ಹೊಸ ಹೊಟ್ಟು ಹಾಸಬೇಕು, ಕಾಳು ಸುರಿಯಬೇಕು, ನೀರಿನ ಬಾಟಲಿ ತುಂಬಬೇಕು. ಮುಂದಿನ ಪೆಟ್ಟಿಗೆ. ಅದರ ಮುಂದಿನದು. ಕಾಳಿನ ಮೂಟೆ ಗೇಟಿಗೆ ಬಂದು ಬೀಳುತ್ತಿತ್ತು. ಅಲ್ಲಿಂದ ನೆಲಮಾಳಿಗೆಗೆ ಬೆನ್ನ ಮೇಲೆ. ಲಿಫ್ಟ್ ಇತ್ತು. ಅದರಲ್ಲಿ ಮೂಟೆ ಹಾಕಬಾರದು ಎಂದು ಬೋರ್ಡೂ ಇತ್ತು.

ನನ್ನ ಬೆರಳ ತುದಿಗಳಲ್ಲಿ ಯಾವಾಗಲೂ ಕಚ್ಚಿದ ಗಾಯ. ಮೊಣಕೈವರೆಗೆ ಕೆಂಪು ಗಂದೆ. ಸೋಪು ಹಾಕಿ ಎಷ್ಟೇ ತಿಕ್ಕಿದರೂ ವಾಸನೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟದ ಕೋಣೆಗೆ ಹೋದರೆ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಆಚೆ ಸರಿಯುತ್ತಿದ್ದರು. ಬಾಯಿಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ, ವಿದ್ಯಾವಂತರಲ್ಲವೇ. ಒಬ್ಬರಿಗೆ ಫೋನ್ ಬರುತ್ತಿತ್ತು, ಇನ್ನೊಬ್ಬರಿಗೆ ಫ್ಯಾನಿನ ಗಾಳಿ ಬೇಕಾಗುತ್ತಿತ್ತು. ಉದ್ದ ಬೆಂಚು ಪೂರಾ ನನಗೇ. ನಾನೂ ಕಾಲು ಚಾಚಿಕೊಂಡು ಆರಾಮಾಗಿ ಉಣ್ಣುತ್ತಿದ್ದೆ. ಬೆನ್ನ ಹಿಂದೆ ನನಗೆ ಇಲಿಯಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆದ ಮೊದಲಿಗ ಚಷ್ಮಾ. ಅವನಿಗೆ ಹಿಂದೆ ಮುಂದೆ ಗೊತ್ತಾಗುವುದಿಲ್ಲ, ಹಾಗಾಗಿ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ವರ್ಷಕ್ಕೊಮ್ಮೆ ವಿಭಾಗದ ಮುಖ್ಯಸ್ಥೆ ಒಂದು ಸಭೆ ಕರೆಯುತ್ತಿದ್ದರು. ವಿಜ್ಞಾನದ ಸಂಶೋಧಕರಿಗೆ ಹಣಕಾಸಿನ ನೆರವು ಪಡೆಯುವ ದಾರಿಗಳು ಎಂದು ಅದರ ಹೆಸರು. ಪರದೆಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಸೂರ್ಯ, ಸೂರ್ಯನ ಕೆಳಗೆ ದಾರಿಗಳು. ಸರ್ಕಾರದ ಫೆಲೋಶಿಪ್ ಇದೆ ಎಂದರು. ಇತ್ತು. ನನಗೆ ಮಂಜೂರೂ ಆಗಿತ್ತು, ದುಡ್ಡು ಮಾತ್ರ ಬಂದಿರಲಿಲ್ಲ. ಕಚೇರಿಗೆ ಫೋನ್ ಮಾಡಿದರೆ "ಪರಿಶೀಲನೆಯಲ್ಲಿದೆ" ಎನ್ನುವ ಹೆಂಗಸಿನ ದನಿ ನನಗೀಗ ನೆಂಟರ ದನಿಯಷ್ಟು ಪರಿಚಯ. ಅಸಿಸ್ಟೆಂಟ್‌ಶಿಪ್ ಇದೆ ಎಂದರು. ಪ್ರಾಕ್ಟಿಕಲ್ ಮಾಡಿಸುವ ಸಂಬಳ, ಅದು ಚಷ್ಮಾನ ಬಳಿ ಇತ್ತು. ಗೈಡಿನ ಪ್ರಾಜೆಕ್ಟ್ ದುಡ್ಡಿನಲ್ಲಿ ಕೊಡಬಹುದು ಎಂದರು. ಗೈಡ್ ಆ ಹೊತ್ತಿಗೆ ಸರಿಯಾಗಿ ಛಾವಣಿ ನೋಡಿದರು. ಬ್ಯಾಂಕಿನ ಸಾಲ ಇದೆ ಎಂದರು. ಅದಕ್ಕೆ ಜಾಮೀನು ಬೇಕು. ನಮ್ಮಲ್ಲಿ ಜಾಮೀನಿಗೆ ಇಡುವಂಥದ್ದು ಅವ್ವನ ನಾಲಗೆ ಒಂದೇ.

ಕೊನೆಗೆ ದಾನಿಗಳು ಎಂದರು. "ಇವರು ಹೃದಯವಂತರು," ಎಂದು ಮುಖ್ಯಸ್ಥೆ ಎದೆಯ ಮೇಲೆ ಕೈಯಿಟ್ಟುಕೊಂಡರು.

ನಾನು ಕೈಯೆತ್ತಿದೆ. "ಮೇಡಂ, ಇಲ್ಲಿ ಮಾಡಿದ ಕೆಲಸಕ್ಕೆ ಇಲ್ಲೇ ಸಂಬಳ ತೊಗೊಳೋ ದಾರಿ ಯಾವ ಪುಟದಲ್ಲಿದೆ?"

ನಾಲ್ಕು ಜನ ನಕ್ಕರು. ಮುಖ್ಯಸ್ಥೆಯೂ ನಕ್ಕರು. ತಮಾಷೆ ಎಂದುಕೊಂಡಿರಬೇಕು. ಮುಂದಿನ ಪರದೆಯಲ್ಲಿ ಮತ್ತೆ ಬೆಟ್ಟ ಬಂತು.

ಆ ಹೊತ್ತಿಗೆ ನನ್ನ ಕೈ ಪೂರಾ ಖಾಲಿಯಾಗಿತ್ತು. ನಾವಿಬ್ಬರಿದ್ದ ಕೋಣೆಯ ಬಾಡಿಗೆಯನ್ನು ಅವ್ವನೇ ಕಟ್ಟುತ್ತಿದ್ದಳು. ಅವ್ವನಿಗೆ ಮಂಡಿ ನೋವು. ನೆಲಕ್ಕೆ ಕೂತರೆ ಗೋಡೆ ಹಿಡಿದು ಏಳಬೇಕು. ಅವಳ ಕೆಲಸವೋ ದಿನವೆಲ್ಲ ಕೂತು ಏಳುವುದೇ. ಇನ್ನೊಂದು ವರ್ಷ ಹೀಗೇ ಆದರೆ ನಾನು ಓದು ಬಿಡುವುದು, ಇಲ್ಲವೇ ಅವಳು ನಡೆಯುವುದು ಬಿಡುವುದು. ಎರಡರಲ್ಲಿ ಒಂದು.

ಅಂಥ ಹೊತ್ತಿನಲ್ಲೇ ಗೈಡ್ ಕರೆದು ಸಿಹಿ ಸುದ್ದಿ ಕೊಟ್ಟರು. ಬಣ್ಣ ತಯಾರಿಸುವ ಕಾರ್ಖಾನೆಯ ಧಣಿಯೊಬ್ಬರು ಬಡ ಸಂಶೋಧಕರಿಗೆ ನೆರವು ಕೊಡುತ್ತಾರಂತೆ. ಈ ವರ್ಷ ನನ್ನನ್ನು ಆರಿಸಿದ್ದಾರಂತೆ. ಬಾಡಿಗೆ, ಊಟ, ಎಲ್ಲಕ್ಕೂ ಸಾಕಾಗುವಷ್ಟು.

"ಒಂದು ಸಣ್ಣ ಕಾರ್ಯಕ್ರಮ ಇರುತ್ತೆ," ಎಂದರು. "ನಿಮ್ಮ ತಾಯೀನೂ ಕರ್ಕೊಂಡ್ಬಾ. ಧಣಿಗಳಿಗೆ ಖುಷಿಯಾಗುತ್ತೆ."

ನಾನು ಮನೆಗೆ ಓಡಿದೆ. ಅವ್ವ ಕೇಳಿ ನನ್ನ ಎರಡೂ ಕೆನ್ನೆ ಹಿಂಡಿದಳು. "ರಜೆ ಹಾಕ್ತೀನಿ ಕಣೇ. ಮೇಸ್ತ್ರಿ ಏನಾದ್ರೂ ಬಡ್ಕೊಳ್ಳಲಿ." ಅವಳು ರಜೆ ಹಾಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕಾರ್ಯಕ್ರಮದ ದಿನ ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯ ತಳದಲ್ಲಿದ್ದ ನೀಲಿ ಸೀರೆ ತೆಗೆದು ಉಟ್ಟಳು. ಪಕ್ಕದ ಮನೆಯವಳ ಚಪ್ಪಲಿ ಇಸಿದುಕೊಂಡಳು. ಅದು ಒಂದು ಬೆರಳು ಉದ್ದವಾಯಿತು. "ದೊಡ್ಡವರ ಮುಂದೆ ಸ್ವಲ್ಪ ಉದ್ದವಾಗೇ ಇರಬೇಕು," ಎಂದು ಟಪಟಪ ಸದ್ದು ಮಾಡುತ್ತ ನಡೆದಳು.

ಸಭಾಂಗಣದಲ್ಲಿ ಹೂವು, ಮೈಕು, ಸಾಲು ಕುರ್ಚಿ. ಬಾಗಿಲಲ್ಲೇ ಒಬ್ಬಳು ಹುಡುಗಿ ಕ್ಯಾಮೆರಾದವನ ಜೊತೆ ನಿಂತಿದ್ದಳು. ಧಣಿಯ ಕಂಪನಿಯ ಪ್ರಚಾರದವಳು. ಅವ್ವನನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಸಣ್ಣದು ಮಾಡಿಕೊಂಡಳು.

"ಅಮ್ಮಾ, ದಿನಾ ಹಾಕೋ ಯೂನಿಫಾರ್ಮ್ ತಂದಿಲ್ವಾ?"

"ಒಗೆದು ಹಾಕಿದೀನಮ್ಮ. ಯಾಕೆ?"

"ಚಿಕ್ಕದೊಂದು ವಿಡಿಯೋ ಮಾಡ್ತೀವಿ. ನೀವು ಕೆಲಸ ಮಾಡೋದು, ಆಮೇಲೆ ನಿಮ್ಮ ಮಗಳು ಬಿಳಿ ಕೋಟ್ ಹಾಕಿರೋದು. ನೋಡಿದವರಿಗೆ ಕಣ್ಣಲ್ಲಿ ನೀರು ಬರಬೇಕು." ಅವಳು ಚೀಲದಿಂದ ಒಂದು ಹೊಸ ಬ್ರಶ್ ತೆಗೆದಳು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ಇಲ್ಲೇ ಟಾಯ್ಲೆಟ್ ಇದೆ. ಎರಡೇ ನಿಮಿಷ. ಸುಮ್ನೆ ಉಜ್ಜಿದ ಹಾಗೆ ಮಾಡಿ ಸಾಕು."

ಅವ್ವ ಹೋಗಿ ಟಾಯ್ಲೆಟ್ಟಿನ ಬಾಗಿಲು ತಳ್ಳಿ ಇಣುಕಿ ನೋಡಿದಳು. ವಾಪಸು ಬಂದಳು.

"ಫಳಫಳ ಹೊಳೀತಿದೆ. ಬೆಳಿಗ್ಗೆ ಯಾರು ತೊಳೆದ್ರೋ ಅವರನ್ನ ಕರೀರಿ. ಅವರ ಫೋಟೋ ತೆಗೀರಿ. ನಾನು ಇವತ್ತು ರಜೆ ಹಾಕಿ ಬಂದಿದೀನಿ. ರಜೆ ದಿನ ನಾನು ಬ್ರಶ್ ಮುಟ್ಟಲ್ಲಮ್ಮ."

ನನಗೆ ನಗು ಬಂತು. ಹುಡುಗಿಗೆ ಬರಲಿಲ್ಲ. ಓಡಿಹೋಗಿ ಗೈಡನ್ನು ಕರೆತಂದಳು. ಗೈಡ್ ನನ್ನನ್ನು ಕಂಬದ ಮರೆಗೆ ಕರೆದೊಯ್ದರು.

"ಒಂದು ವಿಡಿಯೋಗೆ ಏನಿದು ರಂಪ? ಅವರು ಕೊಡೋರು, ನಾವು ತೊಗೊಳೋರು. ಕೊಡೋ ಕೈ ಕೆಳಗೆ ಸ್ವಲ್ಪ ಬಗ್ಗಿದ್ರೆ ನಿಮ್ಮದೇನು ಸವೆದು ಹೋಗುತ್ತೆ? ಈ ದುಡ್ಡು ತಪ್ಪಿದ್ರೆ ನಿನ್ನ ಓದು ಇಲ್ಲಿಗೆ ಮುಗೀತು. ಯೋಚನೆ ಮಾಡು."

ನಾನು ಯೋಚನೆ ಮಾಡಿದೆ. ಬಾಡಿಗೆ ನೆನಪಾಯಿತು. ಅರ್ಧ ಮುಗಿದ ಪ್ರಯೋಗ ನೆನಪಾಯಿತು. ಅಲ್ಲಿಂದಲೇ ಅವ್ವನ ಕಡೆ ನೋಡಿದೆ, ಅಷ್ಟೇ. ಅವ್ವ ನನ್ನ ಮುಖ ಓದಿಬಿಟ್ಟಳು.

"ಕೊಡಮ್ಮ ಇಲ್ಲಿ," ಎಂದಳು ಆ ಹುಡುಗಿಗೆ. "ಎರಡು ನಿಮಿಷ ತಾನೆ."

ಬ್ರಶ್ ತೆಗೆದುಕೊಂಡಳು. ನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಇಸಿದುಕೊಂಡ ಚಪ್ಪಲಿಯನ್ನು ನೀರಾಗದ ಹಾಗೆ ಬಾಗಿಲ ಹೊರಗೆ ಜೋಡಿಸಿಟ್ಟಳು. ಗೋಡೆ ಹಿಡಿದು ಕೂರಲು ಮಂಡಿ ಬಗ್ಗಿಸಿದಳು. ಕ್ಯಾಮೆರಾದವನು "ಇನ್ನೂ ಸ್ವಲ್ಪ ಕೆಳಗೆ ಅಮ್ಮಾ" ಎಂದ.

ನನ್ನ ಮೈ ಉರಿಯಿತು. ಒಳಗೆ ನುಗ್ಗಿದೆ. ಅವ್ವನ ರಟ್ಟೆ ಹಿಡಿದು ಎಬ್ಬಿಸಿದೆ. ಬ್ರಶ್ ಕಿತ್ತುಕೊಂಡೆ. ಎದುರಿಗೇ ಗೈಡ್ ನಿಂತಿದ್ದರು. ಅವರ ಕೈಗೆ ಕೊಟ್ಟೆ.

"ನೀವು ಹಿಡ್ಕೊಳ್ಳಿ ಸರ್. ವಿಡಿಯೋ ಚೆನ್ನಾಗಿ ಬರುತ್ತೆ. ನೋಡಿದವರಿಗೆ ನಿಜವಾಗ್ಲೂ ಕಣ್ಣಲ್ಲಿ ನೀರು ಬರುತ್ತೆ."

ಅವರು ಗಾಬರಿಯಲ್ಲಿ ಹಿಡಿದುಕೊಂಡೇಬಿಟ್ಟರು. ಕ್ಯಾಮೆರಾದವನು ಅಭ್ಯಾಸಬಲದಿಂದ ಒಂದು ಫೋಟೋ ಹೊಡೆದ.

ಅಷ್ಟರಲ್ಲಿ ಮೈಕಿನಲ್ಲಿ ನನ್ನನ್ನು ಕರೆದರು. ನಾನು ವೇದಿಕೆ ಹತ್ತಿದೆ. ಧಣಿಯವರು ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ ಹಿಡಿದು ನಿಂತಿದ್ದರು. ವಯಸ್ಸಾದ ಮನುಷ್ಯ, ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ನಾನು ಓದಬೇಕಾದ ಕೃತಜ್ಞತೆಯ ಮಾತುಗಳನ್ನು ಒಂದು ಕಾರ್ಡಿನಲ್ಲಿ ಬರೆದಿಟ್ಟಿದ್ದರು. ಕಾರ್ಡನ್ನು ಮೇಜಿನ ಮೇಲೆ ಕವುಚಿ ಹಾಕಿದೆ.

"ನಮಸ್ಕಾರ," ಎಂದೆ. "ನಾನು ಬಡವಳು ಅಂತ ಇದರಲ್ಲಿ ಬರೆದಿದಾರೆ. ಯಾಕೆ ಬಡವಳು ಅಂತ ಬರೆದಿಲ್ಲ. ಈ ಕಟ್ಟಡದ ಕೆಳಗೆ ಇಲಿ ಮನೆ ಇದೆ. ಅಲ್ಲಿ ನಾನು ದಿನಾ ಕೆಲಸ ಮಾಡ್ತೀನಿ. ನಮ್ಮ ಸರ್ ಬರೆಯೋ ಎಲ್ಲ ಲೇಖನದ ಇಲಿಗಳಿಗೂ ನಾನೇ ಕಾಳು ಹಾಕಿರೋದು, ನಾನೇ ಹೊಲಸು ತೆಗೆದಿರೋದು. ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ. ಮೇಲಿನ ಮಹಡೀಲಿ ಮಾಡೋ ಕೆಲಸಕ್ಕೆ ಸಂಬಳ, ಕೆಳಗೆ ಮಾಡೋದಕ್ಕೆ ತರಬೇತಿ. ನನ್ನ ಕೂಲಿ ಕೊಟ್ಟಿದ್ರೆ ನಾನು ಇಲ್ಲಿ ನಿಲ್ತಾನೇ ಇರಲಿಲ್ಲ. ನಮ್ಮವ್ವನ್ನ ಯಾರೂ ಟಾಯ್ಲೆಟ್ಟಲ್ಲಿ ಕೂರಿಸ್ತಿರಲಿಲ್ಲ. ನಿಮ್ಮ ದುಡ್ಡು ನಿಮ್ಮ ಹತ್ರಾನೇ ಇರಲಿ."

ಧಣಿಯವರು ರಟ್ಟಿನ ಚೆಕ್ಕಿನ ಮೇಲಿಂದ ತಲೆ ಹಾಕಿ, ಮೈಕು ಎದುರಿಗೇ ಇರುವುದು ಮರೆತು, ಮುಖ್ಯಸ್ಥೆಯನ್ನು ಕೇಳಿದರು: "ಹಾಗಾದ್ರೆ ಇದನ್ನ ಯಾರ ಕೈಗೆ ಕೊಡೋದೀಗ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಇಳಿದು ಬಂದೆ. ಅವ್ವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಇಬ್ಬರೂ ಟಪಟಪ ಎಂದು ಹೊರಟೆವು.

ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕೂತ ಮೇಲೆ ಅವ್ವ ಅಂದಳು: "ಮೊದಲು ದುಡ್ಡು ಇಸ್ಕೊಂಡು ಆಮೇಲೆ ಬೈಬೇಕಿತ್ತು ಕಣೇ, ದಡ್ಡಿ."

"ಹೋಗವ್ವ, ರಟ್ಟಿನ ಚೆಕ್ ಬಸ್ಸಲ್ಲಿ ಹಿಡಿಸ್ತಿರಲಿಲ್ಲ."

ಅವ್ವ ಮೊದಲು ತುಟಿ ಬಿಗಿಹಿಡಿದಳು. ಆಮೇಲೆ ತಡೆಯಲಾಗಲಿಲ್ಲ. ಇಬ್ಬರೂ ಎಷ್ಟು ನಕ್ಕೆವೆಂದರೆ ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನಮ್ಮನ್ನೇ ನೋಡಿದ. ಇಳಿಯುವಾಗ ಅವ್ವ ನನ್ನ ಕೈ ಬಿಡದೆ ಹಿಡಿದುಕೊಂಡಿದ್ದಳು. ಅವಳ ಅಂಗೈ ಆಸಿಡ್ಡಿನಿಂದ ಒರಟು. ನನ್ನದೂ ಅಷ್ಟೇ ಒರಟಾಗಿತ್ತು.

ಮರುದಿನ ಗೈಡ್ ಬಾಗಿಲು ಹಾಕಿಕೊಂಡು ಕೂಗಾಡಿದರು. ನನಗೆ ನಿಯತ್ತಿಲ್ಲ ಎಂದರು. ವಿಭಾಗದ ಮಾನ ಹರಾಜಾಯಿತು ಎಂದರು. ನನ್ನ ಪ್ರಬಂಧಕ್ಕೆ ಹೇಗೆ ಸಹಿ ಬೀಳುತ್ತದೆ ನೋಡುತ್ತೇನೆ ಎಂದರು. ಅವರು ಮುಗಿಸುವವರೆಗೂ ಕಾದೆ.

"ಆಯ್ತು ಸರ್. ಇವತ್ತಿಂದ ನನ್ನ ಪ್ರಯೋಗದ ಇಲಿ ಮಾತ್ರ ನನ್ನವು. ಮಿಕ್ಕವಕ್ಕೆ ಕಾಳು, ನೀರು ಹಾಕ್ತೀನಿ. ಪಾಪ, ಅವೇನು ಮಾಡಿವೆ. ಆದ್ರೆ ಹೊಲಸು ತೆಗೆಯಲ್ಲ. ಅವರವರ ಇಲಿ ಹೊಲಸು ಅವರವರು ತೆಗೀಲಿ."

"ಯಾರು ತೆಗೀತಾರೆ?"

"ತರಬೇತಿ ಎಲ್ಲರಿಗೂ ಆಗಲಿ ಸರ್. ನಿಮ್ಮದೂ ಮೇಲಿನ ಸಾಲಲ್ಲಿ ಒಂದಷ್ಟು ಇವೆ."

ಎರಡು ದಿನ ಯಾರೂ ಕೆಳಗಿಳಿಯಲಿಲ್ಲ. ಮೂರನೆಯ ದಿನ ಘಾಟು ತಾನೇ ಮೇಲೆ ಬಂತು. ಮೊದಲು ಮೆಟ್ಟಿಲಿಗೆ, ಆಮೇಲೆ ಮೊದಲ ಮಹಡಿಗೆ. ಮುಖ್ಯಸ್ಥೆ ಅಗರಬತ್ತಿ ತರಿಸಿದರು. ಎರಡೂ ಸೇರಿ ಇನ್ನೂ ಕೆಟ್ಟ ವಾಸನೆಯಾಯಿತು. ಇಲಿಗಳನ್ನು ಆ ಒದ್ದೆಯಲ್ಲಿ ನೋಡಿದಾಗ ನನ್ನ ಕೈ ತಾನಾಗಿ ಪೆಟ್ಟಿಗೆಯ ಕಡೆ ಹೋಗುತ್ತಿತ್ತು. ಇನ್ನೊಂದು ದಿನ ತಡೆಯಲು ನನ್ನಿಂದ ಆಗುತ್ತಿತ್ತೋ ಇಲ್ಲವೋ.

ಅಷ್ಟರಲ್ಲಿ ಚಷ್ಮಾ ಬಂದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. "ನನ್ನ ಇಲಿ ಯಾವುದಕ್ಕಾ?" ಎಂದ. ತೋರಿಸಿದೆ. ಮೊದಲ ಪೆಟ್ಟಿಗೆ ಕೆರೆದ. ಎರಡನೆಯದರಲ್ಲಿ ಇಲಿ ಕಚ್ಚಿತು. ಮೂರನೆಯದಕ್ಕೆ ಓಡಿಹೋಗಿ ವಾಂತಿ ಮಾಡಿಕೊಂಡು ಬಂದ. ಮತ್ತೆ ಕೆರೆದ. ಕೊನೆಗೆ ಗೋಡೆಗೆ ಒರಗಿ ಕೂತ. ಕನ್ನಡಕದ ಗಾಜು ಮಂಜಾಗಿತ್ತು.

"ದಿನಾ ಇದನ್ನೇ ಮಾಡ್ತಿದ್ಯಾ? ಎಲ್ಲಾರದ್ದೂ?"

"ಹೂಂ."

"ಮತ್ತೆ ನನಗ್ಯಾಕೆ ಸಂಬಳ ಕೊಡ್ತಾರೆ? ನಾನು ಮೇಲೆ ಹುಡುಗರಿಗೆ ಕಪ್ಪೆ ಚಿತ್ರ ಬರೆಸ್ತೀನಿ ಅಷ್ಟೇ."

"ಹೋಗಿ ಅದನ್ನೇ ಕೇಳು."

ಅವನು ಹೋಗಿ ನಿಜಕ್ಕೂ ಕೇಳಿಬಿಟ್ಟ. ಗೈಡ್ ಗದರಿ ಕಳಿಸಿದರು. ಮರುದಿನ ಅವನು ಪ್ರಾಕ್ಟಿಕಲ್ ಮಾಡಿಸಲು ಹೋಗಲಿಲ್ಲ. ಅವನನ್ನು ನೋಡಿ ಮೈಕ್ರೋಸ್ಕೋಪ್ ಕೋಣೆಯವಳು ಬೀಗ ಹಾಕಿಕೊಂಡು ಬಂದಳು. ಪ್ರಾಕ್ಟಿಕಲ್ ಮಾಡಿಸುವ ಮಿಕ್ಕವರೂ ಒಬ್ಬರ ಹಿಂದೆ ಒಬ್ಬರು ಬಂದು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತರು. ಮೊದಲ ವರ್ಷದ ಹುಡುಗ ಹುಡುಗಿಯರು ಪಾಠವಿಲ್ಲದೆ ಕಾರಿಡಾರಿನಲ್ಲಿ ಹಾಡು ಹೇಳಿಕೊಂಡು ತಿರುಗಿದರು. ಅವತ್ತು ನಾವೆಲ್ಲ ಸೇರಿ ಎಲ್ಲ ಪೆಟ್ಟಿಗೆಗಳನ್ನೂ ತೊಳೆದೆವು. ಹತ್ತಾರು ಕೈ, ಸಂಜೆಯೊಳಗೆ ಮುಗಿದುಹೋಯಿತು. ಯಾರ ಮೈಯ ವಾಸನೆ ಯಾವುದು ಎಂದು ಗೊತ್ತಾಗುವ ಹಾಗಿರಲಿಲ್ಲ. ಗೈಡಿನ ಮೇಲಿನ ಸಾಲನ್ನು ಮಾತ್ರ ಹಾಗೇ ಬಿಟ್ಟೆವು.

ಆ ಸಾಲಿಗೆ ಅವರೇ ಬಂದರು. ಜೊತೆಗೆ ಮುಖ್ಯಸ್ಥೆಯೂ ಬಂದಿದ್ದರಿಂದ ಬರಲೇಬೇಕಾಯಿತು. ಮೊಣಕೈವರೆಗೆ ಗ್ಲೌಸ್ ಹಾಕಿಕೊಂಡಿದ್ದರು. ಪೆಟ್ಟಿಗೆಯ ಮುಚ್ಚಳ ತೆಗೆದು ಇಲಿಯ ಹೊಟ್ಟೆಗೆ ಕೈ ಹಾಕಿ ಹಿಡಿಯಲು ಹೋದರು. ಅದು ತೋಳಿನ ಮೇಲೆ ಹತ್ತಿ ಕೋಟಿನ ಜೇಬಿಗೆ ಇಳಿಯಿತು. ಗೈಡ್ ನಿಂತಲ್ಲೇ ಕುಣಿದರು. ನಾನು ಹೋಗಿ ಬಾಲದ ಬುಡ ಹಿಡಿದು ಮೆಲ್ಲಗೆ ಎತ್ತಿದೆ.

"ಮೇಡಂ," ಎಂದೆ ಇಲಿ ಹಿಡಿದುಕೊಂಡೇ, "ಇದು ಕೆಲಸಾನೋ ತರಬೇತೀನೋ, ನೀವೇ ಹೇಳಿ."

ಮುಖ್ಯಸ್ಥೆ ಕರವಸ್ತ್ರದೊಳಗಿಂದ "ಕೆಲಸ" ಎಂದರು.

"ಜೋರಾಗಿ ಹೇಳಿ ಮೇಡಂ," ಎಂದ ಮೆಟ್ಟಿಲ ಮೇಲಿಂದ ಚಷ್ಮಾ.

"ಕೆಲಸ! ಕೆಲಸ! ಮೊದಲು ಎಲ್ಲರೂ ಮೇಲೆ ಬನ್ನಿ."

ಮೇಲೆ ಹೋಗಿ ಕೂತೆವು. ಮಾತು ಎಳೆದಾಡಿತು. ಕಡೆಗೆ ಇಲಿ ಮನೆಗೂ ಅಸಿಸ್ಟೆಂಟ್‌ಶಿಪ್ ಎಂದಾಯಿತು, ಪ್ರಾಕ್ಟಿಕಲ್ಲಿಗೆ ಎಷ್ಟೋ ಅಷ್ಟೇ. ಎಲ್ಲರೂ ಸರದಿಯ ಮೇಲೆ ಎರಡೂ ಕಡೆ ದುಡಿಯಬೇಕು. ಕಾಳಿನ ಮೂಟೆಗೆ ಲಿಫ್ಟ್. ಇಷ್ಟು ದಿನದ ಕೂಲಿಯ ಬಗ್ಗೆ ಕೇಳಿದೆ. "ಹಿಂದಿನದು ಎಲ್ಲಿಂದ ತರಲಿ?" ಎಂದು ಮುಖ್ಯಸ್ಥೆ ಕೈಚೆಲ್ಲಿದರು. ಅಲ್ಲಿ ನಾನು ಸೋತೆ. ಗೈಡಿನ ಸಹಿ ಇಲ್ಲದೆಯೂ ಪ್ರಬಂಧ ಮುಂದೆ ಹೋಗುವ ಹಾಗೆ ಮುಖ್ಯಸ್ಥೆಯೇ ಎರಡನೆಯ ಗೈಡ್ ಆಗಲು ಒಪ್ಪಿದರು. ಅಂದಿನಿಂದ ಗೈಡ್ ನನ್ನ ಜೊತೆ ನೇರವಾಗಿ ಮಾತಾಡಿಲ್ಲ. ನಾನು ಎದುರಿಗೇ ಇದ್ದರೂ ಚಷ್ಮಾನಿಗೆ ಹೇಳುತ್ತಾರೆ, ಚಷ್ಮಾ ನನಗೆ ಹೇಳುತ್ತಾನೆ, ನಾನು ಚಷ್ಮಾನಿಗೆ ಹೇಳುತ್ತೇನೆ. ಕೆಲಸ ಚೆನ್ನಾಗಿಯೇ ನಡೆಯುತ್ತಿದೆ.

ತಿಂಗಳ ಕೊನೆಗೆ ಕಚೇರಿಗೆ ಹೋದೆ. ಗುಮಾಸ್ತರು ಚೀಟಿ ಮುಂದೆ ತಳ್ಳಿ ಸಹಿ ಹಾಕಲು ಪೆನ್ನು ಕೊಟ್ಟರು. ಓದಿದೆ. 'ಬಡ ವಿದ್ಯಾರ್ಥಿ ಸಹಾಯಧನ' ಎಂದಿತ್ತು.

"ಇದು ತಪ್ಪಾಗಿದೆ ಸರ್. ಸಂಬಳ ಅಂತ ಹಾಕಿ."

"ಪದ ಯಾವುದಾದ್ರೇನಮ್ಮ? ದುಡ್ಡು ಒಂದೇ ತಾನೆ."

"ಒಂದೇ ಆದ್ರೆ ಬದಲಾಯಿಸಿ."

"ಹಳೇ ನಮೂನೆ ಇದು. ಹೊಸದು ಟೈಪ್ ಮಾಡಬೇಕಾಗುತ್ತೆ. ಹಿಂದೆ ಸಾಲು ನೋಡಿದ್ಯಾ ಎಷ್ಟಿದೆ?"

ಹಿಂದೆ ತಿರುಗಿ ನೋಡಿದೆ. ಸಾಲು ಬಾಗಿಲು ದಾಟಿ ಹೋಗಿತ್ತು. ಯಾರೂ ಗೊಣಗಲಿಲ್ಲ. ನಾನು ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟೆ. ಎದುರಿನ ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು ಕೂತೆ.

"ಮಾಡಿ ಸರ್. ನನಗೇನೂ ಅವಸರ ಇಲ್ಲ."